ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸಬರು ಹಾರಲು ಕಲಿತ ಮೈದಾನಗಳು

ಈ ಸಲದ ಟಪಾಲಿನಲ್ಲಿ ವಿಮಾನದ್ದೇ ಗಲಾಟೆ. ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳನ್ನು ತಯಾರು ಮಾಡಿದ ಏರ್‌ಫೀಲ್ಡ್‌ಗಳ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ, ಅಷ್ಟಕ್ಕೇ ಕುಟ್ಟದಿಂದ ಶನಿವಾರಸಂತೆವರೆಗೆ ಪ್ರಶ್ನೆಗಳು ಬಂದು ಬಿದ್ದಿವೆ. ಕೊಡಗು ಅಂದರೆ ಫೌಜಿಗಳ ಜಿಲ್ಲೆ, ಕೇಳದೆ ಬಿಡ್ತೀರಾ! ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ವಾಯುಪಡೆಯಲ್ಲಿ ಸ್ಪ್ಯಾನರ್ ಹಿಡಿದವನು, ಹಾರಿದವನಲ್ಲ. ಉತ್ತರಗಳಲ್ಲಿ ನೆಲದ ಮೇಲಿನವರ ಪಕ್ಷಪಾತ ಸ್ವಲ್ಪ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ಮಗಳು ಕೆನಡಾದ ಮ್ಯಾನಿಟೋಬಾದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಬ್ರ್ಯಾಂಡನ್ ಎಂಬ ಊರಿನ ವಿಮಾನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ಆಮೇಲೆ ಮೊಬೈಲ್ ಮ್ಯಾಪಿನಲ್ಲಿ ಆ ಕಡೆಯ ಹಳೇ ಏರ್‌ಫೀಲ್ಡ್‌ಗಳನ್ನು ನೋಡಿದರೆ ಎಷ್ಟೋ ಕಡೆ ರನ್‌ವೇಗಳು ತ್ರಿಕೋನದ ಆಕಾರದಲ್ಲಿವೆ. ನಮ್ಮ ಮಂಗಳೂರು, ಬೆಂಗಳೂರಿನಲ್ಲಿ ಹೀಗಿಲ್ಲವಲ್ಲ, ಯಾಕೆ ಸಾರ್? (ಗೋಣಿಕೊಪ್ಪಲು)

ಗಾಳಿಗೋಸ್ಕರ. ವಿಮಾನ ಏರುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರಬೇಕು. ಆಗ ನೆಲದ ಮೇಲೆ ಓಡಬೇಕಾದ ದೂರ ಕಡಿಮೆಯಾಗುತ್ತದೆ. ಗಾಳಿ ಪಕ್ಕದಿಂದ ಹೊಡೆದರೆ ತೊಂದರೆ. ಈಗಿನ ದೊಡ್ಡ ಜೆಟ್‌ಗಳು ತೂಕದವು, ಅವಕ್ಕೆ ಮೂಗಿನ ಕೆಳಗೂ ಚಕ್ರ ಇರುತ್ತದೆ, ಅಡ್ಡಗಾಳಿಯನ್ನು ಸುಮಾರಾಗಿ ತಡೆದುಕೊಳ್ಳುತ್ತವೆ. ಅದಕ್ಕೇ ಒಂದು ರನ್‌ವೇ ಸಾಕು. ಆಗಿನ ತರಬೇತಿ ವಿಮಾನಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆಯ ಕೆಳಗೆ ಎರಡು ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ವಿಮಾನದ ಭಾರವೆಲ್ಲ ಆ ಎರಡು ಚಕ್ರಗಳಿಗಿಂತ ಹಿಂದೆ. ನೆಲದ ಮೇಲೆ ಓಡುವಾಗ ಬಾಲ ಒಂಚೂರು ಪಕ್ಕಕ್ಕೆ ಸರಿಯಿತೋ, ಇನ್ನೂ ಸರಿಯುತ್ತಲೇ ಹೋಗುತ್ತದೆ. ಪೈಲಟ್ ತಕ್ಷಣ ರಡ್ಡರ್ ಪೆಡಲ್ ಒತ್ತಿ ಹಿಡಿಯದಿದ್ದರೆ ವಿಮಾನ ಇದ್ದಲ್ಲೇ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ಹಾರಲು ಶುರು ಮಾಡಿ ಕೆಲವೇ ವಾರವಾದ ಹುಡುಗನನ್ನು ಅಡ್ಡಗಾಳಿಯಲ್ಲಿ ಇಳಿಸಿದರೆ ನಮ್ಮಂಥ ರಿಪೇರಿಯವರಿಗೆ ರಾತ್ರಿ ನಿದ್ದೆ ಇಲ್ಲ.

ಮೂರು ರನ್‌ವೇಗಳನ್ನು 60 ಡಿಗ್ರಿ ಅಂತರದಲ್ಲಿ ಹಾಕಿ. ಪ್ರತಿಯೊಂದನ್ನೂ ಎರಡು ದಿಕ್ಕಿನಿಂದ ಬಳಸಬಹುದು, ಅಲ್ವಾ? ಆಗ ಗಾಳಿ ಯಾವ ಕಡೆಯಿಂದ ಬೀಸಿದರೂ ಯಾವುದಾದರೊಂದು ರನ್‌ವೇ ಅದಕ್ಕೆ 30 ಡಿಗ್ರಿಯ ಒಳಗೆ ಸಿಕ್ಕೇ ಸಿಗುತ್ತದೆ. ಮೊದಲ ಹಂತದ ಶಾಲೆಗಳಲ್ಲಿ ಎಷ್ಟೋ ಕಡೆ ಇಷ್ಟೂ ಇರಲಿಲ್ಲ, ಸುಮ್ನೆ ಒಂದು ದೊಡ್ಡ ಹುಲ್ಲಿನ ಬಯಲು. ಗಾಳಿಚೀಲ ನೋಡು, ಅದಕ್ಕೆ ಎದುರಾಗಿ ಇಳಿ, ಅಷ್ಟೇ.

ನನಗೆ ಈ ಮೈದಾನಗಳಲ್ಲಿ ಇಷ್ಟವಾಗುವುದು ಇದೇ. ಹುಡುಗ ತಪ್ಪು ಮಾಡಿಯೇ ಮಾಡುತ್ತಾನೆ ಅಂತ ಒಪ್ಪಿಕೊಂಡು ಒಂದೊಂದನ್ನೂ ಮಾಡಿದ್ದಾರೆ. ವಿಮಾನಗಳಿಗೆ ಹಳದಿ ಬಣ್ಣ ಬಳಿದದ್ದೂ ಅದಕ್ಕೇ, ದೂರದಿಂದಲೇ ಕಂಡು ಉಳಿದವರು ಹುಷಾರಾಗಲಿ, ಎಲ್ಲಾದರೂ ಬಿದ್ದರೆ ಹುಡುಕಲಿಕ್ಕೂ ಸುಲಭವಾಗಲಿ ಅಂತ. ಮುಖ್ಯ ಏರ್‌ಫೀಲ್ಡ್‌ನಿಂದ ಸ್ವಲ್ಪ ದೂರದಲ್ಲಿ ಒಂದೆರಡು ಖಾಲಿ ಮೈದಾನ ಇಟ್ಟುಕೊಳ್ಳುತ್ತಿದ್ದರು. ಏರಿ ಇಳಿಯುವ ಅಭ್ಯಾಸಕ್ಕೆ ಹುಡುಗರನ್ನು ಅಲ್ಲಿಗೆ ಕಳಿಸಿದರೆ ಮುಖ್ಯ ಮೈದಾನದ ಮೇಲೆ ಜಾತ್ರೆಯಾಗುವುದು ತಪ್ಪುತ್ತಿತ್ತು. ನೀವು ನೋಡಿದ ಬ್ರ್ಯಾಂಡನ್‌ನಲ್ಲಿದ್ದದ್ದು 12ನೇ ಸರ್ವಿಸ್ ಫ್ಲೈಯಿಂಗ್ ಟ್ರೈನಿಂಗ್ ಸ್ಕೂಲ್, ಅಂದರೆ ಮೊದಲ ಹಂತ ಮುಗಿಸಿದವರ ಶಾಲೆ. 1941ರಲ್ಲಿ ಶುರುವಾಗಿ 1945ರವರೆಗೂ ಎರಡು ಇಂಜಿನ್‌ನ ವಿಮಾನ ಓಡಿಸಲು ಕಲಿಸಿತು. ಮ್ಯೂಸಿಯಂ ಇರುವುದು ಆ ಕಾಲದ ಹ್ಯಾಂಗರಿನಲ್ಲೇ.

ಪ್ರಶ್ನೆ: ಯುದ್ಧ ನಡೆಯುತ್ತಿದ್ದದ್ದು ಯುರೋಪಿನಲ್ಲಿ. ಪೈಲಟ್‌ಗಳನ್ನು ಅಷ್ಟು ದೂರದ ಕೆನಡಾದಲ್ಲಿ ಯಾಕೆ ತಯಾರು ಮಾಡಿದರು? (ಮಡಿಕೇರಿ, ಕಾಲೇಜು ವಿದ್ಯಾರ್ಥಿ)

ಇಂಗ್ಲೆಂಡಿನ ಆಕಾಶದಲ್ಲಿ ಜಾಗ ಇರಲಿಲ್ಲಪ್ಪ. ಯುದ್ಧದ ವಿಮಾನಗಳಿಗೇ ಏರ್‌ಫೀಲ್ಡ್ ಸಾಲದು, ಚಳಿಗಾಲದಲ್ಲಿ ಮೋಡ ಮಂಜು, ರಾತ್ರಿ ಊರಿಗೂರೇ ದೀಪ ಆರಿಸಿ ಕೂರುತ್ತಿತ್ತು, ಇದರ ಮೇಲೆ ಶತ್ರು ವಿಮಾನ ಯಾವಾಗ ಬರುತ್ತದೋ ಗೊತ್ತಿಲ್ಲ. ಹೊಸಬರಿಗೆ ಅದು ಜಾಗವೇ ಅಲ್ಲ. ಕೆನಡಾದಲ್ಲಿ ಬಯಲು ಬೇಕಾದಷ್ಟು, ಶತ್ರು ಸಾಗರದ ಆಚೆ, ಪಕ್ಕದಲ್ಲೇ ಅಮೆರಿಕದ ಕಾರ್ಖಾನೆಗಳು. 1939ರ ಡಿಸೆಂಬರ್ 17ರಂದು ಒಟ್ಟಾವಾದಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಈ ತರಬೇತಿ ಯೋಜನೆಗೆ ಒಪ್ಪಂದ ಮಾಡಿಕೊಂಡವು. ಅವತ್ತು ಕೆನಡಾದ ಪ್ರಧಾನಿ ಮೆಕೆಂಜಿ ಕಿಂಗ್ ಅವರ ಹುಟ್ಟುಹಬ್ಬ ಬೇರೆ. ಅವರಿಗೆ ಒಳಗಿನ ಲೆಕ್ಕವೂ ಒಂದಿತ್ತು. ಮೊದಲ ಮಹಾಯುದ್ಧದಲ್ಲಿ ಕೆನಡಾದ ಹುಡುಗರು ಕಂದಕಗಳಲ್ಲಿ ರಾಶಿ ರಾಶಿ ಸತ್ತಿದ್ದರು, ಒತ್ತಾಯದಿಂದ ಸೈನ್ಯಕ್ಕೆ ಸೇರಿಸುವ ವಿಷಯದಲ್ಲಿ ದೇಶವೇ ಎರಡು ಭಾಗವಾಗಿತ್ತು. ಈ ಸಲ ನಮ್ಮ ದೊಡ್ಡ ಪಾಲು ತರಬೇತಿ ಕೊಡುವುದೇ ಆಗಲಿ ಎಂದು ಅವರು ಆಸೆಪಟ್ಟರು. ಕೊನೆಗೆ ಹಾಗೇನೂ ಆಗಲಿಲ್ಲ, ಕೆನಡಾದ ಸೈನ್ಯ ಯುರೋಪಿಗೂ ಹೋಯಿತು, ಸತ್ತವರೂ ಬಹಳ.

ಯುದ್ಧ ಮುಗಿಯುವ ಹೊತ್ತಿಗೆ ಈ ಯೋಜನೆಯಿಂದ ಕಲಿತು ಹೊರಬಂದವರು, ಪೈಲಟ್‌ಗಳು ಮತ್ತು ವಿಮಾನದ ಉಳಿದ ಸಿಬ್ಬಂದಿ ಸೇರಿ, 1,31,553 ಮಂದಿ. ಹೆಚ್ಚಿನವರು ಕೆನಡಾದವರೇ. 42,000ಕ್ಕೂ ಹೆಚ್ಚು ಜನ ಬ್ರಿಟನ್ನಿನ ವಾಯುಪಡೆಯವರು, ಅದರಲ್ಲಿ ಪೋಲೆಂಡ್, ನಾರ್ವೆ, ಫ್ರಾನ್ಸ್‌ನಿಂದ ತಪ್ಪಿಸಿಕೊಂಡು ಬಂದವರೂ ಸೇರಿದ್ದಾರೆ. ದಕ್ಷಿಣ ಆಫ್ರಿಕಾ ಮತ್ತು ಆಗಿನ ದಕ್ಷಿಣ ರೊಡೇಶಿಯಾದಲ್ಲೂ, ಅಂದರೆ ಈಗಿನ ಜಿಂಬಾಬ್ವೆಯಲ್ಲೂ, ಇಂಥ ಶಾಲೆಗಳು ನಡೆದವು.

ಪ್ರಶ್ನೆ: ಒಬ್ಬ ಸಾಮಾನ್ಯ ಹುಡುಗ ಪೈಲಟ್ ಆಗಲು ಏನೇನು ದಾಟಬೇಕಿತ್ತು? ಫೇಲಾದವರು ಮನೆಗೆ ಹೋಗುತ್ತಿದ್ದರಾ? (ಸೋಮವಾರಪೇಟೆ)

ಮನೆಗೆಲ್ಲಿ ಬಿಡ್ತಾರಮ್ಮ! ಫೇಲಾದವರಿಗೂ ಕೆಲಸ ಕಾದಿರುತ್ತಿತ್ತು. ಮೊದಲಿನಿಂದ ಹೇಳ್ತೇನೆ.

ಶುರುವಿಗೆ ಬೆಂಚಿನ ಮೇಲೆ ಕೂರಬೇಕು. ಗಣಿತ, ದಿಕ್ಕು ಹಿಡಿಯುವ ಲೆಕ್ಕ, ಮೋರ್ಸ್ ಸಂಕೇತ. ಜೊತೆಗೆ ಲಿಂಕ್ ಟ್ರೈನರ್ ಎಂಬ ಒಂದು ಪೆಟ್ಟಿಗೆ. ಗಿಡ್ಡ ರೆಕ್ಕೆಯ ಪುಟ್ಟ ವಿಮಾನದಂತೆ ಮಾಡಿದ್ದು, ನೆಲಕ್ಕೇ ಕೂರಿಸಿರುತ್ತಾರೆ. ಹುಡುಗ ಒಳಗೆ ಕೂತು ಮುಚ್ಚಳ ಎಳೆದುಕೊಂಡರೆ ಹೊರಗಿನದ್ದೇನೂ ಕಾಣದು. ಮುಂದಿನ ಮೀಟರ್‌ಗಳನ್ನು ನೋಡಿಕೊಂಡೇ ಹಾರಿಸಬೇಕು. ಸ್ಟಿಕ್ ಅಲ್ಲಾಡಿಸಿದರೆ ಪೆಟ್ಟಿಗೆ ವಾಲುತ್ತದೆ, ತಿರುಗುತ್ತದೆ. ಇದನ್ನು ಮಾಡಿದ ಎಡ್ವಿನ್ ಲಿಂಕ್ ಅವರ ಅಪ್ಪನದು ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಂಪನಿ, ಮಗ ಆರ್ಗನ್‌ನ ತಿದಿಗಳನ್ನೇ ತಂದು ಈ ಪೆಟ್ಟಿಗೆಯನ್ನು ಅಲ್ಲಾಡಿಸಿದ. ಮೇಷ್ಟ್ರು ಪಕ್ಕದ ಮೇಜಿನಲ್ಲಿ ಕೂತು, ಹುಡುಗ ಎಲ್ಲಿಗೆ ಹೋಗುತ್ತಿದ್ದೇನೆ ಅಂದುಕೊಂಡಿದ್ದಾನೆ, ನಿಜವಾಗಿ ಎಲ್ಲಿಗೆ ಹೋದ ಅಂತ ನೋಡುತ್ತಿದ್ದರು. ಇಲ್ಲಿ ಡಿಕ್ಕಿ ಹೊಡೆದರೆ ಬೈಗುಳ ಮಾತ್ರ.

ಆಮೇಲೆ ಎಲಿಮೆಂಟರಿ ಶಾಲೆ, ಸುಮಾರು ಎರಡು ತಿಂಗಳು. ಟೈಗರ್ ಮಾತ್ ಅಥವಾ ಅಂಥದ್ದೇ ಎರಡು ಸೀಟಿನ ವಿಮಾನ. ಟೈಗರ್ ಮಾತ್‌ನಲ್ಲಿ ಮೇಷ್ಟ್ರು ಮುಂದೆ, ಹುಡುಗ ಹಿಂದೆ. ಮಾತಾಡಲು ರಬ್ಬರ್ ಕೊಳವೆ, ಅದರಲ್ಲಿ ಒಂದು ತುದಿಯಿಂದ ಕೂಗಿದರೆ ಇನ್ನೊಂದು ತುದಿ ಹೆಲ್ಮೆಟ್ಟಿನ ಕಿವಿಯಲ್ಲಿ. ಕೆನಡಾದ ಚಳಿಗೆ ತೆರೆದ ಸೀಟಿನಲ್ಲಿ ಕೂತರೆ ಹೆಪ್ಪುಗಟ್ಟಿ ಹೋಗಬೇಕಲ್ಲ, ಅದಕ್ಕೇ ಅಲ್ಲಿ ಮಾಡಿದ ಟೈಗರ್ ಮಾತ್‌ಗೆ ಮೇಲೆ ಸರಿಸುವ ಗಾಜಿನ ಮುಚ್ಚಳ ಹಾಕಿದ್ದರು. ಹತ್ತು ಗಂಟೆ ಹಾರಾಟದ ಆಸುಪಾಸಿನಲ್ಲಿ ಒಂದು ದಿನ ಮೇಷ್ಟ್ರು ಇಳಿದು, ಒಬ್ಬನೇ ಹೋಗಿ ಬಾ ಅಂತಾರೆ. ಅದೇ ಸೋಲೋ.

ಮುಂದೆ ಸರ್ವಿಸ್ ಶಾಲೆ. ಫೈಟರ್ ಕಡೆ ಹೋಗುವವರಿಗೆ ಒಂದೇ ಇಂಜಿನ್‌ನ ಹಾರ್ವರ್ಡ್, ಬಾಂಬರ್ ಕಡೆಯವರಿಗೆ ಎರಡು ಇಂಜಿನ್‌ನ ಆನ್ಸನ್, ಕ್ರೇನ್, ಆಕ್ಸ್‌ಫರ್ಡ್. ರಾತ್ರಿ ಹಾರಾಟ ಇಲ್ಲಿಯ ದೊಡ್ಡ ಪರೀಕ್ಷೆ. ರನ್‌ವೇ ಪಕ್ಕದಲ್ಲಿ ಗೂಸ್‌ನೆಕ್ ಎಂಬ ಸೀಮೆಎಣ್ಣೆ ದೀಪಗಳನ್ನು ಸಾಲಾಗಿ ಇಡುತ್ತಿದ್ದರು, ನೋಡಲು ಹೂಗಿಡಕ್ಕೆ ನೀರು ಹಾಕುವ ಕ್ಯಾನ್ ಥರ, ಮೂತಿಯಲ್ಲಿ ಬತ್ತಿ. ಗಾಳಿ ದಿಕ್ಕು ಬದಲಿಸಿತೋ, ನೆಲದ ಹುಡುಗರು ಅಷ್ಟನ್ನೂ ಎತ್ತಿಕೊಂಡು ಹೋಗಿ ಇನ್ನೊಂದು ರನ್‌ವೇಯಲ್ಲಿ ಇಡಬೇಕು. ರೆಕ್ಕೆಯ ಬ್ಯಾಡ್ಜ್ ಸಿಕ್ಕಿದ್ದು ಹಾರಿದವರಿಗೆ, ಕೈಗೆ ಮಸಿ ಹತ್ತಿದ್ದು ಇವರಿಗೆ. ಪಕ್ಷಪಾತದ ಬಗ್ಗೆ ಮೊದಲೇ ಹೇಳಿದ್ದೆ.

ಪೈಲಟ್ ಆಗಲು ಆಗದವನನ್ನು ನ್ಯಾವಿಗೇಟರ್, ಬಾಂಬ್ ಗುರಿಯಿಡುವವನು, ವೈರ್‌ಲೆಸ್‌ನವನು ಅಥವಾ ಗನ್ನರ್ ಮಾಡಲು ಬೇರೆ ಶಾಲೆಗೆ ಕಳಿಸುತ್ತಿದ್ದರು. ನೇರವಾಗಿ ಆ ಕೆಲಸಕ್ಕೇ ಆರಿಸಿಕೊಂಡವರೂ ಇದ್ದರು. ಮೇಲೆ ಹೇಳಿದ ಲಕ್ಷದ ಮೂವತ್ತು ಸಾವಿರದಲ್ಲಿ ಪೈಲಟ್‌ಗಳು ಸುಮಾರು 50,000 ಮಾತ್ರ. ಗನ್ನರ್ ಶಾಲೆಯ ಒಂದು ಉಪಾಯ ಕೇಳಿ. ಒಂದು ವಿಮಾನ ಉದ್ದ ಹಗ್ಗಕ್ಕೆ ಬಟ್ಟೆಯ ಚೀಲ ಕಟ್ಟಿ ಎಳೆಯುತ್ತಾ ಹೋಗುತ್ತದೆ. ಇನ್ನೊಂದರಿಂದ ಹುಡುಗರು ಸರದಿಯಲ್ಲಿ ಅದಕ್ಕೆ ಗುಂಡು ಹೊಡೆಯಬೇಕು. ಯಾರದು ತಾಗಿತು ಅಂತ ಗೊತ್ತಾಗುವುದು ಹೇಗೆ? ಒಬ್ಬೊಬ್ಬರ ಗುಂಡಿನ ತುದಿಗೆ ಒಂದೊಂದು ಬಣ್ಣ. ಬಟ್ಟೆ ಇಳಿಸಿ ತೂತಿನ ಅಂಚಿನ ಬಣ್ಣ ನೋಡಿ ಮಾರ್ಕು. ಕಾಪಿ ಹೊಡೆಯಲು ದಾರಿಯೇ ಇಲ್ಲ. ಹಗ್ಗ ಎಳೆಯುವ ವಿಮಾನದ ಪೈಲಟ್‌ನ ಎದೆ ಎಷ್ಟು ಡವಡವ ಅನ್ನುತ್ತಿತ್ತೋ ಅದು ಬೇರೆ ಮಾತು.

ಪ್ರಶ್ನೆ: ನಮ್ಮ ದೇಶದಲ್ಲಿ ಆಗ ಎಲ್ಲಿ ಕಲಿಸುತ್ತಿದ್ದರು? (ವಿರಾಜಪೇಟೆ, ನಿವೃತ್ತ ಹವಾಲ್ದಾರ್)

ಹವಾಲ್ದಾರ್ ಸಾಹೇಬರೇ, ನಮ್ಮ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಯುದ್ಧ ಶುರುವಾದಾಗ ಇದ್ದದ್ದು ಒಂದೇ ಒಂದು ಸ್ಕ್ವಾಡ್ರನ್, ಅಂದರೆ ವಿಮಾನಗಳ ತುಕಡಿ. ಯುದ್ಧ ಮುಗಿಯುವಾಗ ಒಂಬತ್ತು. ಈ ಬೆಳವಣಿಗೆಗೆ ದೇಶದ ಒಳಗೇ ಶಾಲೆ ಬೇಕಾಯಿತು. ಲಾಹೋರಿನ ವಾಲ್ಟನ್‌ನಲ್ಲಿ ಮೊದಲ ಪಾಠ, ಹೈದರಾಬಾದಿನ ಬೇಗಂಪೇಟೆ ಮತ್ತು ಜೋಧಪುರದಲ್ಲಿ ಎಲಿಮೆಂಟರಿ, ಅಂಬಾಲಾದಲ್ಲಿ ಮುಂದಿನ ಹಂತ. ಅಲ್ಲಿಯೂ ಅದೇ ಟೈಗರ್ ಮಾತ್, ಅದೇ ಹಾರ್ವರ್ಡ್. ಊರುಗಳನ್ನು ಸುಮ್ನೆ ಆರಿಸಲಿಲ್ಲ. ಬೇಗಂಪೇಟೆ ದಖನ್ನಿನ ಬಯಲು. ಜೋಧಪುರದ ಮಹಾರಾಜ ಉಮೈದ್ ಸಿಂಗ್ ಅವರಿಗೆ ಮೊದಲೇ ವಿಮಾನದ ಹುಚ್ಚು, ಸ್ವತಃ ಹಾರಿಸುತ್ತಿದ್ದರು, ಯುದ್ಧಕ್ಕೆ ಎಷ್ಟೋ ಮೊದಲೇ ಅಲ್ಲಿ ಏರ್‌ಫೀಲ್ಡ್ ಮತ್ತು ಫ್ಲೈಯಿಂಗ್ ಕ್ಲಬ್ ಇದ್ದವು.

ಇದಲ್ಲದೆ 1940ರಲ್ಲಿ ಆಗಲೇ ಲೈಸೆನ್ಸ್ ಇದ್ದ 24 ಭಾರತೀಯ ಪೈಲಟ್‌ಗಳನ್ನು ಬ್ರಿಟನ್ನಿಗೆ ಕಳಿಸಿದರು. ಅವರಲ್ಲೊಬ್ಬರು ಮಹೀಂದರ್ ಸಿಂಗ್ ಪುಜ್ಜಿ. ಪಗಡಿ ತೆಗೆಯದೆ ಹರಿಕೇನ್ ಫೈಟರ್ ಹಾರಿಸಿದವರು.

ಕಲಿತು ಮುಗಿಸಿದವರಿಗೆ ಇನ್ನೂ ಹರಿತ ಕೊಡಲು ಒಡಿಶಾದ ಅಮರ್ದಾ ರೋಡ್ ಏರ್‌ಫೀಲ್ಡ್ ಇತ್ತು. ಬರ್ಮಾ ಯುದ್ಧಕ್ಕೆ ಹೋಗುವ ಪೈಲಟ್‌ಗಳಿಗೆ ಆಕಾಶದಲ್ಲಿ ಗುಂಡು ಹೊಡೆಯುವುದನ್ನು ಫ್ರಾಂಕ್ ಕೇರಿ ಎಂಬ ಹೆಸರಾಂತ ಫೈಟರ್ ಪೈಲಟ್ ಅಲ್ಲಿ ಕಲಿಸುತ್ತಿದ್ದರು.

ಬೆಂಗಳೂರನ್ನು ಬಿಟ್ಟರೆ ನಮ್ಮವರು ಬಿಡಲಿಕ್ಕಿಲ್ಲ. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಶುರು ಮಾಡಿದರಲ್ಲ, ಅಲ್ಲಿ ಮೊದಲು ಜೋಡಿಸಿ ಹಾರಿಸಿದ್ದು ಹಾರ್ಲೊ ಎಂಬ ತರಬೇತಿ ವಿಮಾನವನ್ನೇ, 1941ರಲ್ಲಿ. ಹತ್ತು ವರ್ಷದ ಮೇಲೆ ಅಲ್ಲಿಯೇ ವಿಮಾನ ವಿನ್ಯಾಸಕ ಘಾಟಗೆ ಅವರ ತಂಡ ಎಚ್‌ಟಿ-2 ಎಂಬ ನಮ್ಮದೇ ತರಬೇತಿ ವಿಮಾನ ಮಾಡಿತು. ಆಮೇಲೆ ಟೈಗರ್ ಮಾತ್‌ಗೆ ರಿಟೈರ್‌ಮೆಂಟ್.

ಪ್ರಶ್ನೆ: ಇಷ್ಟೊಂದು ಸೈನಿಕರನ್ನು ಕೊಟ್ಟ ಕೊಡಗಿನಲ್ಲಿ ಒಂದು ತರಬೇತಿ ಏರ್‌ಫೀಲ್ಡ್ ಮಾಡಲಿಲ್ಲ. ಇದು ಅನ್ಯಾಯ ಅಲ್ವಾ? (ಸಿದ್ದಾಪುರ)

ಅನ್ಯಾಯ ಅಂತ ಯಾವ ಸರ್ಕಾರಕ್ಕೂ ಅರ್ಜಿ ಹಾಕಬೇಡಿ, ಇದು ಮಳೆ ಮತ್ತು ಬೆಟ್ಟಕ್ಕೆ ಹಾಕಬೇಕಾದ ಅರ್ಜಿ. ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ನಮಗೆ ಎದುರು ಮನೆಯೇ ಕಾಣುವುದಿಲ್ಲ. ಮಳೆ ನಿಂತ ಮೇಲೆ ಬೆಳಗಿನ ಮಂಜು. ವಾರಕ್ಕಿಷ್ಟು ಹುಡುಗರನ್ನು ಹಾರಿಸಿ ಮುಗಿಸಲೇಬೇಕಾದ ಶಾಲೆಗೆ ನಾಲ್ಕು ತಿಂಗಳು ಬೀಗ ಹಾಕಲು ಆಗುತ್ತದಾ?

ಬರೀ ರನ್‌ವೇಗೆ ಜಾಗ ಸಿಕ್ಕರೂ ಸಾಲದು. ಕಲಿಸುವಾಗ ಮೇಷ್ಟ್ರು ಇದ್ದಕ್ಕಿದ್ದಂತೆ ಇಂಜಿನ್‌ನ ಥ್ರಾಟಲ್ ಹಿಂದಕ್ಕೆ ಎಳೆದು, ಇಂಜಿನ್ ಹೋಯಿತು, ಎಲ್ಲಿ ಇಳಿಸ್ತೀ ಅಂತ ಕೇಳುತ್ತಾರೆ. ಹುಡುಗ ಕೆಳಗೆ ನೋಡಿ ಒಂದು ಬಯಲು ಆರಿಸಿ ಅದರ ಕಡೆಗೆ ತಿರುಗಿಸಬೇಕು. ಕೆನಡಾದ ಸಸ್ಕ್ಯಾಚುವನ್‌ನಲ್ಲಾದರೆ ಕಣ್ಣು ಹಾಯಿಸಿದಲ್ಲೆಲ್ಲ ಗೋಧಿ ಹೊಲ. ನಿಮ್ಮ ಸಿದ್ದಾಪುರದ ಮೇಲೆ ಇದೇ ಪ್ರಶ್ನೆ ಕೇಳಿದರೆ? ಕೆಳಗೆ ಸಿಲ್ವರ್ ಓಕ್, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಕಾಫಿ. ಇಳಿಯಲು ಉಳಿಯುವುದು ಒಂದು ತುಂಡು ಗದ್ದೆ, ಅದೂ ಎರಡು ಗುಡ್ಡದ ನಡುವೆ. ಕುಶಾಲನಗರದ ಕಡೆ ಮಾತ್ರ ನೆಲ ಸ್ವಲ್ಪ ಮಟ್ಟ, ಮಳೆಯೂ ಕಡಿಮೆ.

ಏರ್‌ಫೀಲ್ಡ್ ಇಲ್ಲದಿದ್ದರೇನು, ಮೇಷ್ಟ್ರನ್ನು ಕೊಟ್ಟಿದ್ದೇವಲ್ಲ. ಮಡಿಕೇರಿಯ ವೃತ್ತಕ್ಕೆ ಹೆಸರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರು ಹಾರಾಟ ಕಲಿಸುವ ಮೇಷ್ಟ್ರಾಗಿದ್ದವರು. 1965ರ ಯುದ್ಧ ಬಂದಾಗ ಅವರನ್ನು 1ನೇ ಸ್ಕ್ವಾಡ್ರನ್ನಿಗೆ ಹಾಕಿದರು. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರ ಮಿಸ್ಟೇರ್ ವಿಮಾನಕ್ಕೆ ಎದುರಾದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ಅದನ್ನು ಕೆಡವಿಯೇ ಅವರು ಪ್ರಾಣ ಬಿಟ್ಟರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನಿಮಗೆ ಅನ್ಯಾಯ ಅಂತ ಹೇಳಲೇಬೇಕಿದ್ದರೆ ಆ 23 ವರ್ಷದ ತಡವನ್ನು ಹೇಳಿ, ನಾನೂ ಸಹಿ ಹಾಕುತ್ತೇನೆ.

ಪ್ರಶ್ನೆ: ಯುದ್ಧಕ್ಕಿಂತ ತರಬೇತಿಯಲ್ಲೇ ಜಾಸ್ತಿ ಜನ ಸತ್ತರು ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ? (ನಾಪೋಕ್ಲು)

ಸುಳ್ಳು. ಆದರೆ ಪೂರ್ತಿ ಗಾಳಿಮಾತೂ ಅಲ್ಲ. ಕೆನಡಾದ ಯೋಜನೆಯಲ್ಲಿ 850ಕ್ಕೂ ಹೆಚ್ಚು ಜನ ತರಬೇತಿ ಅಪಘಾತಗಳಲ್ಲಿ ಸತ್ತರು. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ, ಅಂದರೆ ಬಾಂಬರ್ ವಿಮಾನಗಳ ವಿಭಾಗದಲ್ಲಿ, ಸತ್ತವರು 55,573. ಅದರಲ್ಲಿ 8,000ಕ್ಕೂ ಹೆಚ್ಚು ಜನ ಶತ್ರುವಿನ ಗುಂಡಿಗಲ್ಲ, ತರಬೇತಿ ಮತ್ತಿತರ ಹಾರಾಟಗಳ ಅಪಘಾತಕ್ಕೆ ಬಲಿಯಾದವರು. ನಮ್ಮ ಅಮರ್ದಾ ರೋಡ್‌ನಲ್ಲೂ 1945ರ ಜುಲೈ 26ರಂದು ಎರಡು ಲಿಬರೇಟರ್ ಬಾಂಬರ್‌ಗಳು ಜೊತೆಯಲ್ಲಿ ಹಾರುತ್ತಿದ್ದಾಗ ಒಂದಕ್ಕೊಂದು ತಾಗಿ 14 ಮಂದಿ ಹೋದರು. ಜಪಾನ್ ಶರಣಾಗಲು ಮೂರು ವಾರವೂ ಬಾಕಿ ಇರಲಿಲ್ಲ.

ಕಾರಣಗಳು ಬೇರೆ ಬೇರೆ. ಮೋಡದೊಳಗೆ ದಿಕ್ಕು ತಪ್ಪುವುದು, ರಾತ್ರಿ ನೆಲದ ಅಂದಾಜು ಸಿಗದಿರುವುದು, ಎರಡು ವಿಮಾನ ಗುದ್ದುವುದು. ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಸೋಲೋ ಸಿಕ್ಕ ಖುಷಿಯಲ್ಲಿ, ಗೆಳತಿಯ ಮನೆ ಮೇಲೋ ಯಾರದೋ ಹೊಲದ ಮೇಲೋ ಮರದ ಎತ್ತರಕ್ಕೆ ಹಾರಿಸಿ ತೋರಿಸಲು ಹೋಗಿ ತಂತಿಗೆ ಸಿಕ್ಕಿಕೊಳ್ಳುವುದು. ಈಗ ಬೈಕಿನಲ್ಲಿ ವೀಲಿಂಗ್ ಮಾಡುವವರ ವಯಸ್ಸೇ ಅವರದೂ. ಕೋರ್ಟ್ ಮಾರ್ಷಲ್ ಭಯ ಇದ್ದರೂ ನಿಲ್ಲಲಿಲ್ಲ.

ಪ್ರಶ್ನೆ: ಹೆಂಗಸರಿಗೆ ಅಲ್ಲಿ ಕೆಲಸ ಇತ್ತಾ? (ಪೊನ್ನಂಪೇಟೆ)

ಇತ್ತು. ಕೆನಡಾದ ವಾಯುಪಡೆ 1941ರಲ್ಲಿ ಹೆಂಗಸರ ವಿಭಾಗ ತೆರೆಯಿತು, ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 17,000 ಮಂದಿ ಸೇರಿದ್ದರು. ಪ್ಯಾರಾಚೂಟ್ ಮಡಚುವುದು, ವೈರ್‌ಲೆಸ್, ಹವಾಮಾನದ ಲೆಕ್ಕ, ಅಡುಗೆ, ಆಫೀಸು, ಆಮೇಲೆ ಇಂಜಿನ್ ಕೆಲಸವೂ. ಸಂಬಳ ಮಾತ್ರ ಮೊದಲು ಗಂಡಸರದ್ದರ ಮೂರನೇ ಎರಡು ಭಾಗ. ಗಲಾಟೆಯಾಗಿ 1943ರಲ್ಲಿ ಐದರಲ್ಲಿ ನಾಲ್ಕು ಭಾಗಕ್ಕೆ ಏರಿಸಿದರು. ಮಡಚಿದ್ದು ಸ್ವಲ್ಪ ಹೆಚ್ಚುಕಮ್ಮಿಯಾದರೆ ಪ್ಯಾರಾಚೂಟ್ ಬಿಚ್ಚುವುದೇ ಇಲ್ಲ, ಅಂಥ ಕೆಲಸಕ್ಕೆ ಇದು ಯಾವ ನ್ಯಾಯದ ಲೆಕ್ಕವೋ.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಆ ಮೈದಾನಗಳೆಲ್ಲ ಏನಾದವು? (ಸುಂಟಿಕೊಪ್ಪ)

ಕೆಲವು ಊರಿನ ವಿಮಾನ ನಿಲ್ದಾಣವಾದವು, ಕೆಲವು ಮತ್ತೆ ಹೊಲವಾದವು. ಅಂಬಾಲಾ ಇವತ್ತಿಗೂ ವಾಯುಪಡೆಯದ್ದೇ, 2020ರಲ್ಲಿ ಮೊದಲ ರಫೇಲ್‌ಗಳು ಬಂದಿಳಿದದ್ದು ಅಲ್ಲೇ. ಬೇಗಂಪೇಟೆ ಗೊತ್ತಲ್ಲ, 2008ರಲ್ಲಿ ಶಂಶಾಬಾದ್ ತೆರೆಯುವವರೆಗೂ ಹೈದರಾಬಾದಿಗೆ ವಿಮಾನದಲ್ಲಿ ಹೋದ ನಾವೆಲ್ಲ ಇಳಿದದ್ದು ಅಲ್ಲಿಯೇ.

ಪ್ರಶ್ನೆ: ನಮ್ಮ ಐನ್‌ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ನಮ್ಮ ಅಜ್ಜನ ತಮ್ಮನ ಒಂದು ಪುಸ್ತಕ ಸಿಕ್ಕಿದೆ. ನೀಲಿ ರಟ್ಟು, ಒಳಗೆ ಉದ್ದುದ್ದ ಕಾಲಂಗಳು. ಒಂದೊಂದು ಸಾಲಿನಲ್ಲಿ ಬರೀ 3, 4, 10 ಅಂತ ಅಂಕಿ, ಕೆಲವು ಕಡೆ ಕೆಂಪು ಶಾಯಿ. ಏನಿದು? (ಚೆಟ್ಟಳ್ಳಿ)

ಅಬ್ಬಾ, ಜೋಪಾನ ಮಾಡಿ! ಅದು ಪೈಲಟ್‌ನ ಲಾಗ್ ಬುಕ್. ಒಂದು ಸಾಲು ಅಂದರೆ ಒಂದು ಹಾರಾಟ. ಎಡಗಡೆ ತಾರೀಕು, ವಿಮಾನದ ಜಾತಿ, ಅದರ ನಂಬರು. ಆಮೇಲೆ ಎರಡು ಹೆಸರಿನ ಕಾಲಂ. ಮೊದಲನೆಯದರಲ್ಲಿ ಬೇರೆ ಯಾರದೋ ಹೆಸರಿದ್ದು ಎರಡನೆಯದರಲ್ಲಿ ಸೆಲ್ಫ್ ಅಂತ ಇದ್ದರೆ ಮೇಷ್ಟ್ರ ಜೊತೆ ಹಾರಿದ್ದು. ಸೆಲ್ಫ್ ಅನ್ನುವುದು ಮೊದಲ ಕಾಲಂಗೆ ಬಂದು ಪಕ್ಕದಲ್ಲಿ ಸೋಲೋ ಅಂತಲೋ ಬರೀ ಗೆರೆಯೋ ಇದ್ದರೆ ಅಜ್ಜ ಒಬ್ಬರೇ ಹೋಗಿದ್ದಾರೆ. ಅಂಕಿಗಳು ಪಾಠದ ನಂಬರು. ಸಾಮಾನ್ಯವಾಗಿ 3 ಅಂದರೆ ನೆಲದ ಮೇಲೆ ಓಡಿಸುವುದು, 4 ಅಂದರೆ ನೇರವಾಗಿ ಮಟ್ಟವಾಗಿ ಹಾರುವುದು, 10 ಅಂದರೆ ಸ್ಪಿನ್, ಅಂದರೆ ಬುಗುರಿಯಂತೆ ಸುತ್ತುತ್ತ ಬೀಳುವ ವಿಮಾನವನ್ನು ಮತ್ತೆ ಹಿಡಿತಕ್ಕೆ ತರುವುದು. 11 ಸಿಕ್ಕರೆ ಅಲ್ಲಿ ಸ್ವಲ್ಪ ನಿಂತು ಓದಿ, ಅದು ಮೊದಲ ಸೋಲೋ. ಕೆಂಪು ಶಾಯಿ ರಾತ್ರಿ ಹಾರಾಟದ್ದು. ಒಂದೊಂದು ಕೋರ್ಸಿನ ಕೊನೆಗೆ ಮೇಲಧಿಕಾರಿಯ ಸಹಿ ಮತ್ತು ಅಂದಾಜು ಇರುತ್ತದೆ. ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಆವರೇಜ್. ನಿಮ್ಮ ಅಜ್ಜನಿಗೂ ಅದೇ ಬಂದಿದ್ದರೆ ಬೇಜಾರು ಬೇಡ, ಆ ಶಾಲೆಗಳಲ್ಲಿ ಆವರೇಜ್ ಅನ್ನಿಸಿಕೊಳ್ಳುವುದೇ ಕಷ್ಟವಿತ್ತು.

ಪುಸ್ತಕವನ್ನು ಅಟ್ಟಕ್ಕೆ ವಾಪಸ್ ಇಡಬೇಡಿ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಸೆಲ್ಲೋಟೇಪೂ ಬೇಡ. ಒಣ ಕೈಯಿಂದ ಒಂದೊಂದೇ ಪುಟ ತಿರುಗಿಸಿ ಫೋಟೋ ತೆಗೆದುಕೊಳ್ಳಿ, ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಕಬೋರ್ಡಿನಲ್ಲಿ ಇಡಿ. ಊರಿನ ಹೆಸರು ಓದಲು ಬಾರದ ಪುಟವಿದ್ದರೆ ಅದರ ಫೋಟೋ ನಮ್ಮ ವಿಳಾಸಕ್ಕೆ ಕಳಿಸಿ, ನೋಡೋಣ.